ಅಣುಜೀವಿಯ ಜಮಾಖರ್ಚು

ರಾತ್ರಿ ಊಟವಾದ ಮೇಲೆ ನಮ್ಮ ಮುಧೋಳದ ಕಡೆಯ ಮನೆಗಳಲ್ಲಿ ಉಳಿಯುವ ಕೊನೆಯ ಕೆಲಸವೆಂದರೆ ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕುವುದು. ಬೆಳಗಾಗುವಷ್ಟರಲ್ಲಿ ಗಡಿಗೆಯ ತುಂಬ ಗಟ್ಟಿ ಮೊಸರು. ಆ ಒಂದು ಚಮಚ ಹೆಪ್ಪಿನಲ್ಲಿದ್ದ ಕೋಟಿಗಟ್ಟಲೆ ಅಣುಜೀವಿಗಳು ನಾವು ಮಲಗಿದ್ದಾಗ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದಿರುತ್ತವೆ. ಇಷ್ಟು ದೊಡ್ಡ ಸಂಸಾರಕ್ಕೆ ಖರ್ಚೆಷ್ಟು? ಅದು ಎಲ್ಲಿಂದ ಬಂತು? ಈ ಹೊತ್ತು ಆ ಲೆಕ್ಕದ ವಹಿಯನ್ನು ಸ್ವಲ್ಪ ಬಿಚ್ಚಿ ನೋಡೋಣ.

ನೀರನ್ನು ಬಿಟ್ಟರೆ ಅಣುಜೀವಿಯ ಮೈಯಲ್ಲಿ ಸುಮಾರು ಅರ್ಧ ಭಾಗ ಸಸಾರಜನಕ, ಅಂದರೆ ಪ್ರೋಟೀನು. ಇಪ್ಪತ್ತು ಬಗೆಯ ಅಮಿನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವೇ ಸಸಾರಜನಕ. ಜೀವಕೋಶದಲ್ಲಿ ಯಾವ ಕೆಲಸವೂ ಪುಕ್ಕಟೆ ನಡೆಯುವುದಿಲ್ಲ. ಅಲ್ಲಿ ಚಲಾವಣೆಯಲ್ಲಿರುವ ಶಕ್ತಿಯ ನಾಣ್ಯಕ್ಕೆ ಎ.ಟಿ.ಪಿ. ಎಂದು ಹೆಸರು. ಸರಕ್ಕೆ ಒಂದು ಮಣಿ ಸೇರಿಸಲು ಸುಮಾರು 4 ನಾಣ್ಯ ಬೇಕು. 300 ಮಣಿಗಳ ಸರವಾದರೆ ಪೋಣಿಸುವ ಕೂಲಿಯೇ 1200 ಆಯಿತು. ಮಣಿ ತಯಾರಿಸುವ ಖರ್ಚು ಬೇರೆ.

ಆ ಖರ್ಚು ಎಲ್ಲ ಮಣಿಗಳಿಗೂ ಒಂದೇ ಅಲ್ಲ. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲಿ ಎಂಬ ಅಣುಜೀವಿಯ ಲೆಕ್ಕವನ್ನು ಅಕಾಶಿ ಮತ್ತು ಗೊಜೊಬೊರಿ ಎಂಬ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಗ್ಲೈಸಿನ್ ಎಂಬ ಸಣ್ಣ ಮಣಿಗೆ ಸುಮಾರು 12 ನಾಣ್ಯವಾದರೆ, ಟ್ರಿಪ್ಟೊಫ್ಯಾನ್ ಎಂಬ ದೊಡ್ಡ ಮಣಿಗೆ ಸುಮಾರು 74! ಅಣುಜೀವಿ ಹೇರಳವಾಗಿ ತಯಾರಿಸುವ ಸಸಾರಜನಕಗಳಲ್ಲಿ ಅಗ್ಗದ ಮಣಿಗಳೇ ಹೆಚ್ಚಾಗಿರುವುದನ್ನೂ ಅವರು ಕಂಡರು. ನಿತ್ಯಕ್ಕೆ ಬನಹಟ್ಟಿಯ ನೂಲಿನ ಸೀರೆ, ಮದುವೆಗೆ ಮಾತ್ರ ರೇಷ್ಮೆ ಎನ್ನುವ ನಮ್ಮ ತಾಯಂದಿರ ಲೆಕ್ಕವೇ ಇದು. ಅಷ್ಟೇ ಅಲ್ಲ, ಹೊರಗೆ ಟ್ರಿಪ್ಟೊಫ್ಯಾನ್ ಸಿದ್ಧವಾಗಿ ಸಿಕ್ಕಿತೆಂದರೆ ಈ ಜೀವಿ ತನ್ನ ಮನೆಯ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ.

ಈಗ ಮೊಸರಿನ ಗಡಿಗೆಗೆ ಬರೋಣ. ಗಾಳಿಯ ನೆರವಿನಿಂದ ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಕಣದಿಂದ ಸುಮಾರು 30 ನಾಣ್ಯದವರೆಗೂ ಗಳಿಸಬಹುದು. ಮೊಸರಿನ ಅಣುಜೀವಿ ಅದನ್ನು ಹುಳಿ ಮಾಡಿ ಬಿಡುವುದರಿಂದ ಅದಕ್ಕೆ ದಕ್ಕುವುದು ಎರಡೇ. ಇಷ್ಟು ಕಡಿಮೆ ಗಳಿಕೆಯ ಈ ಜೀವಿ ಹಲವು ಅಮಿನೊ ಆಮ್ಲಗಳನ್ನು ತಾನೇ ತಯಾರಿಸುವ ಗೋಜಿಗೆ ಹೋಗದು. ಹಾಲಿನ ಸಸಾರಜನಕವನ್ನೇ ಕತ್ತರಿಸಿ, ಸಿದ್ಧ ಮಣಿಗಳನ್ನು ಎತ್ತಿಕೊಳ್ಳುತ್ತದೆ. ಬರೀ ಸಕ್ಕರೆ ನೀರಿಗೆ ಹೆಪ್ಪು ಹಾಕಿದರೆ ಅದು ಬೆಳೆಯದಿರುವುದಕ್ಕೆ ಇದೂ ಒಂದು ಕಾರಣ.

ಸಸಾರಜನಕವೆಂಬ ಹೆಸರಿನಲ್ಲೇ ಸಾರಜನಕವಿದೆ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಅದೇ ಆದರೂ ಗಿಡಕ್ಕೆ ಅದು ನೇರವಾಗಿ ದಕ್ಕದು. ಕಡಲೆ, ತೊಗರಿ, ಶೇಂಗಾ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸಿರುವ ರೈಜೋಬಿಯಂ ಜಾತಿಯ ಅಣುಜೀವಿಗಳು ಅದನ್ನು ಹಿಡಿದು ಕೊಡುತ್ತವೆ. ಒಂದೊಂದು ಸಾರಜನಕ ಕಣಕ್ಕೂ ಕಡಿಮೆಯೆಂದರೆ 16 ನಾಣ್ಯದ ಖರ್ಚು. ಅದನ್ನು ಭರಿಸುವುದು ಗಿಡ, ತನ್ನ ಎಲೆಯ ಸಕ್ಕರೆಯಿಂದ. ಮಣ್ಣಿನಲ್ಲಿ ಯೂರಿಯಾ ಧಾರಾಳವಾಯಿತೆಂದರೆ ಗಿಡ ಈ ಖರ್ಚಿಗೆ ಕೈ ಹಾಕುವುದಿಲ್ಲ, ಗಂಟುಗಳು ಕಡಿಮೆಯಾಗುತ್ತವೆ. ಬೇರು ತೆರಬೇಕಾದ ಬೆಲೆಯನ್ನು ಆಗ ರೈತ ಅಂಗಡಿಯಲ್ಲಿ ತೆರುತ್ತಾನೆ.

ಪೇಟೆಯಲ್ಲಿದ್ದರೂ ನಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಹೊಲವುಂಟು. ಕೆಲವರು ಲಾವಣಿಗೆ ಕೊಟ್ಟಿರುತ್ತೀರಿ. ಘಟಪ್ರಭೆಯ ದಂಡೆಯ ಕಬ್ಬಿಗೆ ಬೇರಿನ ಗಂಟುಗಳಿಲ್ಲ. ಅದಕ್ಕೆ ಸಾರಜನಕದ ಗೊಬ್ಬರ ಹಾಕಲೇಬೇಕು. ಆದರೆ ಕಬ್ಬಿಗೆ ಹಾಕಿದ ಕೈಯಲ್ಲೇ ಕಡಲೆಗೂ ಸುರಿಯಬೇಡಿ. ಎಳೆಯ ಪೈರಿಗೆ ಮೊದಮೊದಲು ಅಲ್ಪಸ್ವಲ್ಪ ಬೇಕಾದೀತು, ಅಷ್ಟೇ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲಗೆ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದು ತಿಳಿಯಿರಿ. ಗಂಟುಗಳೇ ಇಲ್ಲದಿದ್ದರೆ, ಮುಂದಿನ ಸಲ ಆಯಾ ಬೆಳೆಗೆ ಒಪ್ಪುವ ಅಣುಜೀವಿ ಗೊಬ್ಬರವನ್ನು ಬೀಜಕ್ಕೆ ಲೇಪಿಸಿ ಬಿತ್ತಿಸಿರಿ.

ಕಣ್ಣಿಗೆ ಕಾಣದ ಜೀವಿ ಕೂಡ ದುಂದು ಮಾಡುವುದಿಲ್ಲ. ಅದು ಹಿಡಿದ ಲೆಕ್ಕವನ್ನು ನಾವು ಅರಿತು ನಡೆದರೆ ಉಳಿಯುವುದು ನಮ್ಮ ದುಡ್ಡು.