ನಾಲಗೆಯ ಗಂಟು ಬಿಚ್ಚಲಿ

(ವಯಸ್ಕರ ಇಂಗ್ಲಿಷ್ ಸಂಭಾಷಣಾ ತರಗತಿಯ ಆರಂಭದಂದು ಮಾಡಿದ ಭಾಷಣದ ಲಿಖಿತ ರೂಪ)



ಫಿರ್‌ಔನನ ಮುಂದೆ ಹೋಗಿ ಸತ್ಯವನ್ನು ಹೇಳಬೇಕೆಂಬ ಆದೇಶ ಬಂದಾಗ ಪ್ರವಾದಿ ಮೂಸಾ(ಅ)ರು ಅಲ್ಲಾಹನಲ್ಲಿ ಏನನ್ನು ಬೇಡಿದರು? ತನ್ನ ಎದೆಯನ್ನು ವಿಶಾಲಗೊಳಿಸುವಂತೆ, ಕಾರ್ಯವನ್ನು ಸುಗಮಗೊಳಿಸುವಂತೆ, ಜನರು ತನ್ನ ಮಾತನ್ನು ಅರಿಯುವಂತೆ ನಾಲಗೆಯ ಗಂಟನ್ನು ಬಿಚ್ಚುವಂತೆ ಬೇಡಿದರು. 'ತಾಹಾ' ಅಧ್ಯಾಯದ ಈ ಪ್ರಾರ್ಥನೆಯಲ್ಲಿ ಎದೆ ಮೊದಲು, ನಾಲಗೆ ಅನಂತರ. ಇಂದಿನ ನಮ್ಮ ವಿಷಯದ ಸಾರವೂ ಇದೇ ಆಗಿದೆ. ಇಂಗ್ಲಿಷಿನ ಮುಂದೆ ನಮ್ಮ ನಾಲಗೆ ಬಿಗಿಯಲು ಅಜ್ಞಾನಕ್ಕಿಂತ ಅಂಜಿಕೆಯೇ ಹೆಚ್ಚು ಕಾರಣ.

ನಮ್ಮ ಅನುಭವವನ್ನೇ ಹೇಳುತ್ತೇವೆ. ನಾವು ಮದ್ರಸದಲ್ಲಿ ವರ್ಷಗಟ್ಟಲೆ ನಹ್ವ್, ಸರ್ಫ್ ಕಲಿತವರು. ಬಳಿಕ ಕಲಾ ಪದವಿ ಪಡೆದೆವು; ಇಂಗ್ಲಿಷ್ ಪತ್ರಿಕೆಯಲ್ಲೂ ತೇರ್ಗಡೆಯಾದೆವು. ಪತ್ರಕರ್ತರಾದ ಆರಂಭದಲ್ಲಿ ಒಂದು ಪತ್ರಿಕಾಗೋಷ್ಠಿಗೆ ಹೋಗಿದ್ದೆವು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವಕ್ಫ್ ಜಮೀನೊಂದರ ಕುರಿತ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು, ವ್ಯಾಕರಣ ಸರಿಯಿದೆಯೇ ಎಂದು ಮತ್ತೆ ಮತ್ತೆ ಓದುತ್ತಾ ಕುಳಿತೆವು. ಅಷ್ಟರಲ್ಲಿ ಗೋಷ್ಠಿ ಮುಗಿಯಿತು. ಆ ಪ್ರಶ್ನೆಯನ್ನು ಬೇರಾರೂ ಕೇಳಲಿಲ್ಲ. ವಾಕ್ಯದಲ್ಲಿ ತಪ್ಪಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ನಮ್ಮ ಮಾನ ಉಳಿಯಿತು. ಸಮುದಾಯದ ಪ್ರಶ್ನೆ ಉಳಿದುಹೋಯಿತು.

ಈ ಮೌನಕ್ಕೆ ಬೆಲೆ ತೆರುತ್ತಿರುವವರು ನಾವೊಬ್ಬರೇ ಅಲ್ಲ. ಶಾಲೆಯ ಪೋಷಕರ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುವ ತಾಯಿಯನ್ನು ನೋಡಿರಿ. ಮಗುವಿನ ಕಷ್ಟ ಆಕೆಗೆ ಗೊತ್ತಿದೆ, ಹೇಳುವ ಧೈರ್ಯವಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಮ್ ಕೋರ್ಟಿನ ಕಲಾಪಗಳ ಭಾಷೆ ಇಂಗ್ಲಿಷ್. ನಮ್ಮ ಹೈಕೋರ್ಟಿನ ತೀರ್ಪುಗಳ ಭಾಷೆಯೂ ಅದೇ. ತನ್ನ ಮನೆ, ಜಮೀನಿನ ಬಗ್ಗೆ ವಕೀಲರು ಏನು ವಾದಿಸಿದರೆಂದು ತಿಳಿಯದೆ ಕಕ್ಷಿದಾರ ಅವರ ಮುಖ ನೋಡುತ್ತಾ ನಿಲ್ಲುತ್ತಾನೆ. ಗಲ್ಫಿನಲ್ಲಿ ಕೆಲಸ ಬಲ್ಲ ಯುವಕ ಸಂದರ್ಶನದ ಮೇಜಿನ ಮುಂದೆ ತೊದಲುತ್ತಾನೆ.

ಇದಕ್ಕೆ ನಮ್ಮ ಶಿಕ್ಷಣ ಕ್ರಮವೂ ಹೊಣೆ. ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ತೊಡಗಿದ್ದು 2007ರಲ್ಲಿ. ಅದಕ್ಕೆ ಮುಂಚೆ ಕನ್ನಡ, ಉರ್ದು ಮಾಧ್ಯಮದಲ್ಲಿ ಓದಿದವರು ಇಂಗ್ಲಿಷನ್ನು ತಡವಾಗಿ ಕಂಡರು. ಕಂಡದ್ದೂ ಕರಿಹಲಗೆಯ ಮೇಲೆ. ಓದಿದೆವು, ಅನುವಾದಿಸಿದೆವು, ಬಾಯಿ ತೆರೆಯಲಿಲ್ಲ. ಕನ್ನಡ, ಉರ್ದುಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ; ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಮನಸ್ಸಿನಲ್ಲಿ ವಾಕ್ಯವನ್ನು ಕಟ್ಟಿ, ತಿರುಗಿಸಿ, ಅನಂತರ ಹೇಳಹೊರಟರೆ ಮಾತು ಮುಂದೆ ಸಾಗಿರುತ್ತದೆ.

ಹಾಗಾದರೆ ದಾರಿ ಯಾವುದು? ಅದು ನಮ್ಮ ಮದ್ರಸಗಳಲ್ಲೇ ಇದೆ. ನಾವು ಕುರ್‌ಆನ್ ಪಾರಾಯಣವನ್ನು ಹೇಗೆ ಕಲಿತೆವು? ಉಸ್ತಾದರು ಓದಿದರು, ನಾವು ಕೇಳಿದೆವು, ಗಟ್ಟಿಯಾಗಿ ಹೇಳಿದೆವು. ಅವರು ತಿದ್ದಿದರು, ಮತ್ತೆ ಹೇಳಿದೆವು. ಹಿಫ್ಝ್ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಓದಿ ಒಪ್ಪಿಸುತ್ತಾರೆ. ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಆ ಪುಣ್ಯವನ್ನು ಇಂಗ್ಲಿಷಿಗೆ ಹಚ್ಚಲು ನಾವು ಹೊರಟಿಲ್ಲ. ಆದರೆ ತಡವರಿಸುವವನನ್ನು ಗೌರವಿಸುವ ಪಾಠವನ್ನು ಅಲ್ಲಿಂದ ಕಲಿಯಬಾರದೇ?

ಆದ್ದರಿಂದ ದಿನಕ್ಕೆ ಕಾಲು ಗಂಟೆ ಇಂಗ್ಲಿಷನ್ನು ಗಟ್ಟಿಯಾಗಿ ಓದಿರಿ. ಜೊತೆಗಾರರೊಬ್ಬರನ್ನು ಮಾಡಿಕೊಂಡು ಪರಸ್ಪರ ಮಾತನಾಡಿರಿ. ಅಂಗಡಿಯವರು ಅಂಗಡಿಯ ಮಾತುಗಳಿಂದ, ಗೃಹಿಣಿಯರು ಆಸ್ಪತ್ರೆ, ಬ್ಯಾಂಕು, ಶಾಲೆಯ ಮಾತುಗಳಿಂದ ಆರಂಭಿಸಿರಿ. ಅರ್ಥವಾಗದಿದ್ದರೆ ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ಕೇಳುವ ವಾಕ್ಯವನ್ನು ಮೊದಲ ದಿನವೇ ಕಲಿಯಿರಿ. ಉರ್ದು ನಾಲಗೆ 'ಇಸ್ಕೂಲ್' ಎಂದೀತು, ಕನ್ನಡದ ನಾಲಗೆ 'ಬಸ್ಸು' ಎಂದೀತು. ಮೊದಲು ಮಾತು ಹೊರಬರಲಿ. ಉಚ್ಚಾರವನ್ನು ತಿದ್ದಿಕೊಳ್ಳಲು ಸಮಯವಿದೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೊಂದು ಮಾತು. ತಾಯಿ ತಪ್ಪಾಗಿ ಒಂದು ವಾಕ್ಯ ಹೇಳಿದಾಗ ನಗುವವರು ಹೆಚ್ಚಾಗಿ ಹೊರಗಿನವರಲ್ಲ, ನೀವು. ಈ ಸಲ ಸಭೆಗೆ ಉಮ್ಮ ಬರುವುದು ಬೇಡ ಎಂದು ಹೇಳುವವರೂ ನೀವೇ. ನಿಮಗೆ ಮೊದಲ ಮಾತು ಕಲಿಸಿದ ನಾಲಗೆಯದು. ನೀವು ತೊದಲಿದಾಗ ಆಕೆ ನಕ್ಕದ್ದು ಸಂತೋಷದಿಂದ. ಇಂದು ನೀವು ಆಕೆಯ ಉಸ್ತಾದರಾಗಿರಿ.

ಪರರ ಭಾಷೆ ನಮಗೇಕೆ ಎನ್ನುವವರು ಝೈದ್ ಬಿನ್ ಸಾಬಿತ್(ರ)ರನ್ನು ನೆನೆಯಲಿ. ಪ್ರವಾದಿ(ಸ)ರ ಆದೇಶದಂತೆ ಅವರು ಯಹೂದಿಗಳ ಲಿಪಿಯನ್ನು ಕಲಿತು ಪತ್ರಗಳನ್ನು ಓದಿ ಬರೆದರು. 1875ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಅಲಿಗಢದಲ್ಲಿ ಶಾಲೆ ತೆರೆದಾಗ ವಿರೋಧಿಸಿದವರಿದ್ದರು. ಇಂದು ದೇವಬಂದಿನ ದಾರುಲ್ ಉಲೂಮಿನಲ್ಲೂ ಇಂಗ್ಲಿಷ್ ವಿಭಾಗವಿದೆ. ಹಾಗೆಂದು ಇಂಗ್ಲಿಷ್ ಮಾನವಂತಿಕೆಯ ಅಳತೆಗೋಲಲ್ಲ. ಅದಕ್ಕಾಗಿ ಬ್ಯಾರಿ, ಉರ್ದು, ಕನ್ನಡವನ್ನು ಮನೆಯಿಂದ ಹೊರಗಟ್ಟಬೇಕಾಗಿಯೂ ಇಲ್ಲ. ಭಾಷೆಗಳ ವೈವಿಧ್ಯ ಅಲ್ಲಾಹನ ದೃಷ್ಟಾಂತಗಳಲ್ಲೊಂದು.

ಈ ತರಗತಿಯಲ್ಲಿ ಒಂದೇ ನಿಯಮವಿರಲಿ: ಇಲ್ಲಿ ಯಾರ ತಪ್ಪಿಗೂ ಯಾರೂ ನಗಬಾರದು. ಮುಂದಿನ ಬಾರಿ ನಮ್ಮಲ್ಲಿ ಯಾರೊಬ್ಬರ ಪ್ರಶ್ನೆಯೂ ಚೀಟಿಯಲ್ಲೇ ಉಳಿಯದಿರಲಿ. ಅಲ್ಲಾಹನು ನಮ್ಮ ಎದೆಯನ್ನು ವಿಶಾಲಗೊಳಿಸಲಿ, ನಾಲಗೆಯ ಗಂಟನ್ನು ಬಿಚ್ಚಲಿ. ಆಮೀನ್.