ಸವಳು ನೆಲದ ಸಾಲ ಯಾರು ತೀರಿಸಬೇಕು?

(ಗೋಕಾಕ ಫಾಲ್ಸ್‌ನಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಳೆಗಾಲದಲ್ಲಿ ಈ ಊರಿಗೆ ಬಂದವರು ತೂಗುಸೇತುವೆಯ ಹತ್ತಿರ ನಿಂತು, ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವುದನ್ನು ಕಣ್ತುಂಬ ನೋಡಿಕೊಂಡು ಹಿಂದಿರುಗುತ್ತಾರೆ. ಬಿದ್ದ ನೀರನ್ನು ಎಲ್ಲರೂ ನೋಡುತ್ತಾರೆ. ಬೀಳುವ ಮೊದಲೇ ಬೇರೆ ದಾರಿ ಹಿಡಿದ ನೀರಿನ ಕಥೆಯನ್ನು ಕೇಳುವವರು ಕಡಿಮೆ. ಆ ನೀರು ಬೆಳೆಸಿದ್ದೇನು, ಕೆಡಿಸಿದ್ದೇನು, ಕೆಟ್ಟ ನೆಲವನ್ನು ಮತ್ತೆ ಸಾಗುವಳಿಗೆ ತರುವ ಖರ್ಚು ಯಾರದು ಎಂಬುದರ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ನದಿಯನ್ನು ಕೆಲಸಕ್ಕೆ ಹಚ್ಚಿದ ಇತಿಹಾಸ ಹಳೆಯದು. 1880ರ ದಶಕದಲ್ಲಿಯೇ ಇಲ್ಲಿನ ಜಲಶಕ್ತಿಯಿಂದ ನೂಲಿನ ಗಿರಣಿ ತಿರುಗತೊಡಗಿತು. ಫಾಲ್ಸಿನ ಮೇಲ್ಗಡೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಒಡ್ಡು ಎದ್ದು ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್‌ದಲ್ಲಿ ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟೆ ಬಂದಿತು. ಕಾಲುವೆಗಳು ಗೋಕಾಕ, ಮೂಡಲಗಿ, ರಾಯಬಾಗಗಳನ್ನು ದಾಟಿ ಮುಂದಿನ ಸೀಮೆಗೂ ಹರಿದವು. ಮುಗಿಲು ನೋಡಿ ಜೋಳ ಬಿತ್ತುತ್ತಿದ್ದ ಎರೆ ಹೊಲದಲ್ಲಿ ಕಬ್ಬು ಎದ್ದಿತು. ಮಣ್ಣಿನ ಮನೆ ಇದ್ದಲ್ಲಿ ಆರ್.ಸಿ.ಸಿ. ಮನೆ ಎದ್ದಿತು. ಇದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಅದೇ ಸೀಮೆಯಲ್ಲಿ ಬೇಸಿಗೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಕಾಲುವೆಯ ಕೆಳಗಿನ ತಗ್ಗು ಹೊಲಗಳಲ್ಲಿ ಅಲ್ಲಲ್ಲಿ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. ಕೆಲವು ಕಡೆ ಆಪು ಬೆಳೆದಿರುತ್ತದೆ, ಕಾಲಿಟ್ಟರೆ ಜಿನುಗುತ್ತದೆ. ನಮ್ಮ ಜನ ಇದಕ್ಕೆ ಸವಳು-ಜವಳು ಎನ್ನುತ್ತಾರೆ. ಉಪ್ಪು ಮೇಲೆದ್ದದ್ದು ಸವಳು, ನೀರು ನಿಂತು ಕೊಳೆತದ್ದು ಜವಳು. ಎರಡೂ ಅಕ್ಕತಂಗಿಯರಿದ್ದಂತೆ, ಒಂದು ಬಂದಲ್ಲಿ ಇನ್ನೊಂದು ತಡಮಾಡದೆ ಬರುತ್ತದೆ.

ಇದು ಹೇಗಾಗುತ್ತದೆ? ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಕಾಲುವೆಯಿಂದ ಸೋರಿದ್ದು, ಹೊಲಕ್ಕೆ ಹೆಚ್ಚಾಗಿ ಹಾಯಿಸಿದ್ದು, ಎಲ್ಲ ಸೇರಿ ಅಂತರ್ಜಲ ವರ್ಷ ವರ್ಷ ಮೇಲಕ್ಕೆ ಬರುತ್ತದೆ. ಅದು ಬೇರಿನ ಮಟ್ಟ ಮುಟ್ಟಿದಾಗ ಗಿಡಕ್ಕೆ ಉಸಿರು ಕಟ್ಟುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣಿನ ಸಣ್ಣ ರಂಧ್ರಗಳು ಆ ನೀರನ್ನು ಮೇಲಕ್ಕೆಳೆಯುತ್ತವೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಇದು ನಮ್ಮ ನದಿಯ ಅಳತೆಯಲ್ಲ, ತಿಳಿಯಲೆಂದು ಹಾಕಿದ ಲೆಕ್ಕ. ಒಂದು ಲೀಟರ್ ನೀರಿನಲ್ಲಿ ಕಾಲು ಗ್ರಾಮ್ ಉಪ್ಪು ಇದೆ ಎಂದುಕೊಳ್ಳಿ. ಬಾಯಿಗೆ ಅದು ಸಿಹಿ ನೀರೇ. ಒಂದು ಎಕರೆ ಕಬ್ಬಿಗೆ ವರ್ಷಕ್ಕೆ ಒಟ್ಟು ಎರಡು ಮೀಟರ್ ಎತ್ತರದ ನೀರು ಹಾಯಿಸಿದರೆ ಸುಮಾರು 80 ಲಕ್ಷ ಲೀಟರ್ ಆಯಿತು. ಅದರೊಂದಿಗೆ ಹೊಲಕ್ಕೆ ಬಂದ ಉಪ್ಪು ಎರಡು ಟನ್! ಬಸಿದು ಹೋಗಲು ದಾರಿ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಹತ್ತು ವರ್ಷಕ್ಕೆ ಇಪ್ಪತ್ತು ಟನ್. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೆಟ್ಟ ನೆಲ ಸತ್ತ ನೆಲವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮದ್ದು ಗೊತ್ತಿದೆ. ಮೊದಲು ನೀರು ಹೊರಹೋಗಲು ಬಸಿಗಾಲುವೆ ತೋಡಬೇಕು, ಇಲ್ಲವೆ ತೂತುಳ್ಳ ಪ್ಲಾಸ್ಟಿಕ್ ಕೊಳವೆಗಳನ್ನು ನೆಲದೊಳಗೆ ಸಾಲಾಗಿ ಹುಗಿಯಬೇಕು. ಆಮೇಲೆ ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆಯಬೇಕು. ಮಣ್ಣು ಕ್ಷಾರವಾಗಿದ್ದರೆ ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಬೆಳೆದು ಹೂಳಬೇಕು. ಕೃಷ್ಣಾ ದಂಡೆಯ ಉಗಾರ ಬುದ್ರುಕದಲ್ಲಿ ಕೊಳವೆ ಹುಗಿದು ನೆಲ ತಿದ್ದುವ ಕೆಲಸ ನಡೆದಿದೆ. ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ಮುಂದೆ ನಿಂತು, ರೈತರು ಸಾಲ ತೆಗೆದು ಊರೂರೇ ಕೂಡಿ ಇದೇ ಕೆಲಸ ಮಾಡಿದ್ದಾರೆ. ಅಂದ ಮೇಲೆ ಕೊರತೆ ಇರುವುದು ವಿದ್ಯೆಯದ್ದಲ್ಲ, ದುಡ್ಡಿನದು ಮತ್ತು ಹೊಣೆಯದು.

ಹೊಣೆ ಏಕೆ ಮುಖ್ಯ? ಸವಳು ಸರ್ವೆ ನಂಬರು ನೋಡಿ ಬರುವುದಿಲ್ಲ. ಮೇಲಿನ ಹೊಲದವನು ಹಾಯಿಸಿದ ನೀರು ಕೆಳಗಿನವನ ಹೊಲದಲ್ಲಿ ಏಳುತ್ತದೆ. ಕೆಳಗಿನವನು ತನ್ನ ಎರಡು ಎಕರೆಯಲ್ಲಿ ಬಸಿಗಾಲುವೆ ತೋಡಿದನೆಂದೇ ಇಟ್ಟುಕೊಳ್ಳಿ. ಆ ನೀರು ಎಲ್ಲಿಗೆ ಹೋಗಬೇಕು? ಅದು ಐದಾರು ಜನರ ಹೊಲ ದಾಟಿ ಹಳ್ಳ ಸೇರಬೇಕು. ಆ ಹಳ್ಳವೋ ಹೂಳು ತುಂಬಿ, ಜಾಲಿ ಬೆಳೆದು, ಅಷ್ಟಿಷ್ಟು ಒತ್ತುವರಿಯಾಗಿ ಕುಳಿತಿರುತ್ತದೆ. ಹೊಲ ಅವನದಾದರೂ ದಾರಿ ಎಲ್ಲರದು. ಎಲ್ಲರದಾದದ್ದನ್ನು ನೋಡಿಕೊಳ್ಳಲೆಂದೇ ನಾವು ಪಂಚಾಯತಿಗಳನ್ನು ಮಾಡಿಕೊಂಡಿರುವುದು.

ಕಾನೂನು ಕೂಡ ಹಾಗೆಯೇ ಹೇಳುತ್ತದೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಬಂತು. ಅದರಲ್ಲಿ ಎರಡನೆಯದೇ ಭೂಮಿಯ ಸುಧಾರಣೆ ಮತ್ತು ಮಣ್ಣಿನ ಸಂರಕ್ಷಣೆ. ಮೂರನೆಯದು ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ. ಪಟ್ಟಿಯಲ್ಲಿ ಹೆಸರು ಬಂತು, ಕೈಗೆ ಹಣದ ಚೀಲ ಬರಲಿಲ್ಲ. ನಮ್ಮ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿ ಮನೆಗೆ ತೆರಿಗೆ ಹಾಕಬಹುದು, ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೆ ಹಾಕಬಹುದು. ಸಾಗುವಳಿಯ ಹೊಲಕ್ಕೆ ಹಾಕುವಂತಿಲ್ಲ. ಅಂದರೆ ಯಾವ ಹೊಲದ ನೀರು ಬಸಿಯಬೇಕೋ ಆ ಹೊಲದಿಂದ ಪಂಚಾಯತಿಗೆ ಒಂದು ರೂಪಾಯಿ ತೆರಿಗೆಯೂ ಇಲ್ಲ. ರೈತನ ಮೇಲೆ ತೆರಿಗೆ ಹೇರಿರೆಂದು ನಾನು ಹೇಳುತ್ತಿಲ್ಲ. ಕೊಟ್ಟ ಕೆಲಸಕ್ಕೂ ಕೈಯಲ್ಲಿರುವ ಗಂಟಿಗೂ ತಾಳೆಯಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಉಳಿದದ್ದು ಮೇಲಿನಿಂದ ಬರುವ ಅನುದಾನ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತಿಗಳಿಗೆ ಕೊಟ್ಟದ್ದರಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದು ಮೊದಲೇ ಕಟ್ಟಿಹಾಕಿತ್ತು. ಅದು ತಪ್ಪಲ್ಲ, ಆದರೆ ಉಳಿದ 40ರಲ್ಲಿ ಬೀದಿ ದೀಪ, ಗಟಾರು, ರಸ್ತೆ ಎಲ್ಲ ಸರತಿಯಲ್ಲಿ ನಿಂತಿರುತ್ತವೆ. ಕಾಣುವ ಕೆಲಸಕ್ಕೆ ಮೊದಲ ಮಣೆ. ನೆಲದೊಳಗೆ ಹೂತು ಹೋಗುವ ಕೊಳವೆಗೆ ಯಾರು ರಿಬ್ಬನ್ ಕಟ್ಟಿ ಕತ್ತರಿಸುತ್ತಾರೆ? 2005ರ ಉದ್ಯೋಗ ಖಾತ್ರಿ ಕಾಯಿದೆಯಡಿ ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಹೆಚ್ಚೆಂದರೆ 40 ಎಂಬ ನಿಯಮವಿತ್ತು. ಸಲಿಕೆ ಹಿಡಿದು ತೋಡುವ ತೆರೆದ ಬಸಿಗಾಲುವೆಗೆ ಆ ನಿಯಮ ಒಗ್ಗುತ್ತಿತ್ತು. ಯಂತ್ರ ಮತ್ತು ಕೊಳವೆಗಳೇ ಮುಖ್ಯ ಖರ್ಚಾದ ಒಳಬಸಿಗೆ ಒಗ್ಗುತ್ತಿರಲಿಲ್ಲ.

ಹಾಗಾದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ನಾವು ಕಾಡಾ ಎನ್ನುವುದು, ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 1980ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು, ಮಲಪ್ರಭಾ-ಘಟಪ್ರಭಾ ಯೋಜನೆಗಳಿಗೆ ಬೆಳಗಾವಿಯಲ್ಲಿ ಕಚೇರಿಯೂ ಇದೆ. ಆದರೆ ಯೋಜನೆಯ ಹಣದಿಂದ ತೋಡಿದ ಕಾಲುವೆಯನ್ನು ಐದು ವರ್ಷದ ಮೇಲೆ ಹೂಳೆತ್ತುವವರು ಯಾರು? ತೋಡುವುದು ಒಂದು ಸಲದ ಖರ್ಚು, ಕಾಯುವುದು ಪ್ರತಿ ವರ್ಷದ ಖರ್ಚು. ಕಾಯುವ ಖರ್ಚು ಇಲ್ಲದಿದ್ದರೆ ತೋಡಿದ ಖರ್ಚೂ ಹಳ್ಳದ ಪಾಲು.

ಈ ವಿಷಯ ಬರೀ ಮಣ್ಣಿನದಲ್ಲ, ನ್ಯಾಯದ್ದೂ ಹೌದು. ನೆರೆಯ ಮಲಪ್ರಭೆಯ ಸೀಮೆಯನ್ನು ನೆನೆಯಿರಿ. ನೀರಾವರಿಯಿಂದ ನಿಮ್ಮ ಭೂಮಿ ಅಭಿವೃದ್ಧಿಯಾಯಿತು, ಅದಕ್ಕೆ ಕರ ಕೊಡಿ ಎಂದು ಸರಕಾರ ಕೇಳಿದಾಗ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದು ನಿಂತರು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ರಾಜ್ಯದ ರೈತ ಚಳವಳಿಗೆ ಅದೇ ಕಿಡಿಯಾಯಿತು. ಅಂದು ಎದ್ದ ಪ್ರಶ್ನೆಯನ್ನು ತಿರುವಿ ಹಾಕಿ ನೋಡಿ. ಸಾರ್ವಜನಿಕ ಕಾಮಗಾರಿಯಿಂದ ಹೊಲ ಸುಧಾರಿಸಿದರೆ ಸರಕಾರಕ್ಕೆ ಪಾಲು ಬೇಕು. ಅದೇ ಕಾಮಗಾರಿಯಿಂದ ಹೊಲ ಕೆಟ್ಟರೆ ನಷ್ಟದಲ್ಲಿ ಪಾಲು ಬೇಡವೆ?

ಹಾಗೆಂದು ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ಸರದಿ ಬಂದಾಗ ರಾತ್ರಿಯೆಲ್ಲ ನೀರು ಬಿಟ್ಟು ಮಲಗಿದವರು ನಾವೇ. ಹಳ್ಳ ಒತ್ತಿ ನಾಲ್ಕು ಗುಂಟೆ ಹೆಚ್ಚಿಸಿಕೊಂಡವರೂ ನಾವೇ.

ನೆದರ್ಲೆಂಡ್ಸ್ ದೇಶದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಬಹಳಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಬಸಿಗಾಲುವೆ ಒಂದು ವರ್ಷ ಕೆಟ್ಟರೆ ಊರೇ ಮುಳುಗೀತು. ಅದಕ್ಕೆ ಹದಿಮೂರನೆಯ ಶತಮಾನದಿಂದಲೇ ಜನ ಜಲಮಂಡಳಿಗಳನ್ನು ಕಟ್ಟಿಕೊಂಡರು. ಇಂದು ಅಂಥವು 21 ಇವೆ. ಅವು ಇಲಾಖೆಗಳಲ್ಲ, ಚುನಾವಣೆಯಿಂದ ಬಂದ ಸ್ಥಳೀಯ ಸರಕಾರಗಳು. ನೀರು ಮತ್ತು ಒಡ್ಡು ನೋಡಿಕೊಳ್ಳುವುದೇ ಅವುಗಳ ಕೆಲಸ, ಅದಕ್ಕೆಂದೇ ಸ್ವಂತ ತೆರಿಗೆ. ದುಡ್ಡು ಎತ್ತುವವರೂ ಖರ್ಚು ಮಾಡುವವರೂ ಲೆಕ್ಕ ಕೇಳುವವರೂ ಒಂದೇ ಸೀಮೆಯವರು. ನಮ್ಮಲ್ಲಿಯೋ 2016ರಲ್ಲಿ ಆರಿಸಿ ಬಂದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಲೆಕ್ಕ ಕೇಳುವ ಮನೆಗೇ ಬೀಗ ಬಿದ್ದರೆ ಹಳ್ಳದ ಹೂಳು ಕೇಳುವವರಾರು?

ನನ್ನ ಸೂಚನೆ ಸರಳವಾದದ್ದು. ಹೊಲದೊಳಗಿನ ಕೊಳವೆ ರೈತನದು, ಅದಕ್ಕೆ ಸುಲಭ ಸಾಲ ಮತ್ತು ಸಹಾಯಧನ ಸಿಗಲಿ. ಹೊಲದ ಬದುವಿನಿಂದ ಹಳ್ಳದವರೆಗಿನ ದೊಡ್ಡ ಬಸಿಗಾಲುವೆ ಊರಿನದು, ಅದರ ಖರ್ಚು ಪೂರ್ತಿ ಸಾರ್ವಜನಿಕವಾಗಿರಲಿ. ಕಾಯುವುದಕ್ಕೆ ಪ್ರತಿ ವರ್ಷ ಒಂದು ನಿಧಿ ಬೇಕು. ಈ ಸೀಮೆಯಲ್ಲಿ ವಸೂಲಾಗುವ ನೀರಿನ ಕರದ ಒಂದು ಪಾಲು ಇದೇ ಸೀಮೆಯ ಪಂಚಾಯತಿಗಳಿಗೂ ನೀರು ಬಳಕೆದಾರರ ಸಂಘಗಳಿಗೂ ಮರಳಿ ಬರಲಿ. ಕಬ್ಬಿನಿಂದ ಬಾಳುವ ಕಾರ್ಖಾನೆಗಳೂ ಕೈ ಜೋಡಿಸಲಿ. ಆ ನಿಧಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ.

ದೊಡ್ಡ ಹೊಲದವನು ಒಂದು ತುಂಡು ಸವಳಾದರೂ ಬದುಕುತ್ತಾನೆ. ಎರಡೇ ಎಕರೆ ಇದ್ದವನಿಗೆ ಅದು ಸವಳಾದರೆ ಕಾಗದದ ಮೇಲೆ ಅವನು ನೀರಾವರಿ ರೈತ, ನಿಜದಲ್ಲಿ ಇನ್ನೊಬ್ಬರ ಹೊಲದ ಕೂಲಿ. ನಾವು ಮಾಡುವ ಖರ್ಚಿನ ಲೆಕ್ಕವನ್ನು ಅವನ ಹೊಲದಲ್ಲಿ ನಿಂತು ನೋಡಬೇಕು. ನೂರು ವರ್ಷದ ಹಿಂದಿನವರು ನೀರು ತರುವ ದಾರಿ ಮಾಡಿಕೊಟ್ಟು ಹೋದರು. ಬಂದ ನೀರು ಹೊರಹೋಗುವ ದಾರಿ ಮಾಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.