ಹಳ್ಳಿಯ ಮತ, ಪೇಟೆಯ ಮತ



ತುರ್ತು ಪರಿಸ್ಥಿತಿಯ ಮಾತು ಬಂದಾಗಲೆಲ್ಲ ಒಂದು ತೀರ್ಪು ಕೇಳಿಬರುತ್ತದೆ. ಓದಿದ ಪೇಟೆಯವರು ಸರ್ವಾಧಿಕಾರವನ್ನು ತಿರಸ್ಕರಿಸಿದರು, ಹಳ್ಳಿಯವರು ತಿಳಿಯದೆ ಅದಕ್ಕೇ ಮತ ಹಾಕಿದರು ಎಂಬುದು ಆ ತೀರ್ಪು. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಮತದಾರರಿಗೆ ಇದರಿಂದ ನ್ಯಾಯ ಸಿಗುತ್ತದೆಯೇ?

1975ರ ಜೂನ್ 25ರಂದು ಜಾರಿಗೆ ಬಂದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ಆ ಮಾರ್ಚ್‌ನಲ್ಲೇ ನಡೆದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಕರ್ನಾಟಕದ 28ರಲ್ಲಿ 26 ಅದರ ಪಾಲಾದವು. ಆಗ ಮೀಸಲು ಕ್ಷೇತ್ರವಾಗಿದ್ದ ಬೀದರಿನಲ್ಲಿ ಗೆದ್ದವರು ಕಾಂಗ್ರೆಸ್ಸಿನ ಶಂಕರದೇವ್.

ಉತ್ತರ ಪ್ರದೇಶ, ಬಿಹಾರಗಳೂ ಹಳ್ಳಿಗಳ ನಾಡೇ. ಅಲ್ಲಿ ಬಲವಂತದ ನಸಬಂದಿ ಮನೆಬಾಗಿಲಿಗೆ ಬಂದಾಗ ಹಳ್ಳಿಗನೇ ಸರ್ಕಾರವನ್ನು ಕೆಡವಿದ. ಕರ್ನಾಟಕದಲ್ಲಿ ಜನತಾ ಪಕ್ಷ ಗೆದ್ದ ಎರಡು ಕ್ಷೇತ್ರಗಳಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ಹಳ್ಳಿಗಳೇ ಹೆಚ್ಚಿರುವ ಹಾಸನ. ಬೆಂಗಳೂರು ಉತ್ತರ ಕಾಂಗ್ರೆಸ್ಸಿಗೇ ಉಳಿಯಿತು. ಅಂದರೆ ಪೇಟೆ ಮತ್ತು ಹಳ್ಳಿಯ ನಡುವಿನ ಗೆರೆ ನಾವು ಎಳೆದಷ್ಟು ನೇರವಾಗಿಲ್ಲ.

ಇಲ್ಲಿ ಹಳ್ಳಿಗೆ ಸರ್ಕಾರ ಕಂಡದ್ದು ಬೇರೆ ರೂಪದಲ್ಲಿ. ದೇವರಾಜ ಅರಸು ಅವರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಅದರ ಹೆಚ್ಚಿನ ಫಲ ಕರಾವಳಿ, ಮಲೆನಾಡಿಗೆ ಸಿಕ್ಕಿತು, ನಿಜ. ಆದರೆ ಸಾಹುಕಾರನ ಬಡ್ಡಿಗೆ ಸಿಕ್ಕ ಒಣಬೇಸಾಯದ ಕೂಲಿಗೆ 1976ರ ಋಣ ಪರಿಹಾರ ಕಾಯ್ದೆ ಮತ್ತು ಜೀತ ನಿರ್ಮೂಲನ ಕಾಯ್ದೆ ಸಣ್ಣ ಮಾತಾಗಿರಲಿಲ್ಲ.

ಹೆದರಿ ಮತ ಹಾಕಿದರೆನ್ನೋಣವೇ? 1978ರ ಫೆಬ್ರುವರಿಯಲ್ಲಿ ವಿಧಾನಸಭಾ ಚುನಾವಣೆ ನಡೆದಾಗ ತುರ್ತು ಪರಿಸ್ಥಿತಿ ಮುಗಿದಿತ್ತು, ದೆಹಲಿಯಲ್ಲಿ ಜನತಾ ಸರ್ಕಾರವಿತ್ತು. ಆಗಲೂ ರಾಜ್ಯದ 224ರಲ್ಲಿ 149 ಸ್ಥಾನಗಳು ಇಂದಿರಾ ಕಾಂಗ್ರೆಸ್ಸಿಗೆ ಬಂದವು. ಕೇವಲ ಭಯ ಇದಕ್ಕೆ ಉತ್ತರವಾಗದು.

ಹಾಗೆಂದು ಆ ಮತ ಸೆರೆಮನೆಗೆ ಕೊಟ್ಟ ಒಪ್ಪಿಗೆಯೂ ಅಲ್ಲ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಅಡ್ವಾಣಿ, ಮಧು ದಂಡವತೆ ಅಂಥವರು ಬೆಂಗಳೂರಿನ ಜೈಲಿನಲ್ಲಿದ್ದರು. ಸುದ್ದಿಯೇ ತಲುಪದಿದ್ದವನು ಯಾವುದನ್ನು ತೂಗಿ ನೋಡಬೇಕಿತ್ತು? ನಿರಂಕುಶ ಆಳ್ವಿಕೆ ಮತವನ್ನು ಕಸಿಯದೆಯೂ ಮತದಾರನನ್ನು ವಂಚಿಸಬಲ್ಲದು.

ಬೀದರಿಗೆ ಇದು ಹೊಸ ಪಾಠವೇನಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದಲ್ಲಿ ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು ಮೊದಲ ಮಹಾಚುನಾವಣೆಯಲ್ಲಿ. 1977ರಲ್ಲಿ ಸಾಲಿನಲ್ಲಿ ನಿಂತ ಹಿರಿಯರಿಗೆ ಮತವಿಲ್ಲದ ಕಾಲದ ನೆನಪಿತ್ತು. ಅವರು ಯಾರಿಗೆ ಹಾಕಿದರೆಂದು ಹಂಗಿಸುವ ಮೊದಲು, ಅವರ ಮುಂದೆ ಏನನ್ನು ಮುಚ್ಚಿಡಲಾಗಿತ್ತು ಎಂದು ಕೇಳುವುದು ಲೇಸು.